ಗಟ್ಟಿಮೇಳದ ಆಲಾಪನೆ

"ಗುರುಗಳೇ, ಮನೋಧರ್ಮವನ್ನು ಕಲಿಸಲು ಬರುತ್ತದೆಯೇ?"

ಪಿಟೀಲು ಅಪ್ರಮೇಯನವರ ಬಳಿ ಹನ್ನೊಂದು ವರ್ಷದಿಂದ ಕಲಿಯುತ್ತಿದ್ದ ವಾಗೀಶ ಒಂದು ಬೆಳಿಗ್ಗೆ ಪಾಠ ಮುಗಿದ ಮೇಲೆ ಹೀಗೆ ಕೇಳಿದ. ಪಿಟೀಲನ್ನು ಆಗಲೇ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಪಾಠವನ್ನು ಧ್ವನಿಮುದ್ರಿಸಿಕೊಂಡ ಫೋನನ್ನು ಜೇಬಿಗೆ ಹಾಕಿಕೊಂಡಿದ್ದ. ಹನ್ನೊಂದು ವರ್ಷದಲ್ಲಿ ಒಂದು ಪಾಠವನ್ನೂ ಅವನು ಮುದ್ರಿಸದೆ ಬಿಟ್ಟಿರಲಿಲ್ಲ.

"ಈಗೇಕೆ ಈ ಪ್ರಶ್ನೆ?" ಎಂದರು ಗುರುಗಳು.

"ನೀವು ನುಡಿಸಿದ್ದನ್ನು ನಾನು ಕೂದಲೆಳೆಯಷ್ಟೂ ತಪ್ಪದೆ ನುಡಿಸುತ್ತೇನೆ. ಆದರೆ ಆ ಗಳಿಗೆಗೆ ನನ್ನದೇ ಆದದ್ದು ಏನಾದರೂ ಹೊಳೆಯಲಿ ಎಂದು ಕಾದರೆ ಏನೂ ಹೊಳೆಯುವುದಿಲ್ಲ. ಬರುವ ತಿಂಗಳು ನನ್ನ ಮೊದಲ ಪೂರ್ಣ ಕಛೇರಿ. ಈಗ ನೋಡಿದರೆ ಅಂತರ್ಜಾಲದಲ್ಲಿ ಮನೋಧರ್ಮದ ಪುಕ್ಕಟೆ ಪಾಠಗಳು ರಾಶಿ ಬಿದ್ದಿವೆ. ಯಾರು ಯಾರೋ ಫೋನು ನೋಡಿಕೊಂಡು ಕಲಿಯುತ್ತಿದ್ದಾರಂತೆ. ನಿಮ್ಮ ಎದುರು ಕೂತ ನನಗೆ ಬಾರದ್ದು ಅವರಿಗೆ ಬರುತ್ತದೆಯೇ?"

ಮಾತಿನಲ್ಲಿ ನೋವಿತ್ತು. ಸ್ವಲ್ಪ ಬಿಂಕವೂ ಇತ್ತು. ಅಪ್ರಮೇಯನವರು ಎರಡನ್ನೂ ಗಮನಿಸಿದರು. ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಕೂತುಕೋ. ಒಂದು ಕತೆ ಹೇಳುತ್ತೇನೆ. ಫೋನು ಜೇಬಿನಲ್ಲೇ ಇರಲಿ, ಇದನ್ನು ಮುದ್ರಿಸಿಕೊಳ್ಳಬೇಡ."

ವಾಗೀಶ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವಿದ್ವಾಂಸನಿದ್ದ. ಪಿಟೀಲು ನುಡಿಸುತ್ತಿದ್ದ. ಹೆಸರು ಬೇಡ. ಒಳ್ಳೆಯ ವಿದ್ವಾಂಸನೇ. ಆದರೆ ತಾನು ಒಳ್ಳೆಯವನೆಂಬುದು ಅವನಿಗೆ ಬೇಕಾದ್ದಕ್ಕಿಂತ ತುಸು ಹೆಚ್ಚಾಗಿ ಗೊತ್ತಿತ್ತು. ಮನೆಗೆ ಬಂದು ಕಲಿಯುವವರು ಮೊದಲು ಹತ್ತು ಜನರಿದ್ದರು. ಆಮೇಲೆ ಆರಾದರು. ಆಮೇಲೆ ಇಬ್ಬರು ಉಳಿದರು. ಬೈಗುಳಕ್ಕೆ ಹೆದರಿ ಬಿಟ್ಟವರೇ ಹೆಚ್ಚು. ಅದನ್ನು ನೋಡಿ ಅವನ ಮೊಮ್ಮಗಳು ಒಂದು ದಿನ, "ತಾತ, ನೀನು ಫೋನಿಗೆ ಪಾಠ ಹೇಳು. ಎಷ್ಟು ಬೈದರೂ ಅದು ಎದ್ದು ಹೋಗಲ್ಲ," ಎಂದಳು. ವಿದ್ವಾಂಸ ನಕ್ಕ. ಆ ಮನೆಯಲ್ಲಿ ಅವನು ನಕ್ಕನೆಂದರೆ ಒಪ್ಪಿದ ಎಂದೇ ಲೆಕ್ಕ.

ಮೊಮ್ಮಗಳು ಫೋನು ಹಿಡಿದಳು. ವಿದ್ವಾಂಸ ನಲವತ್ತು ಪಾಠ ಹೇಳಿದ. ರಾಗವನ್ನು ಹೇಗೆ ಬೆಳೆಸಬೇಕು, ಸ್ವರಗಳನ್ನು ಆ ಗಳಿಗೆಯಲ್ಲೇ ಹೇಗೆ ಕಟ್ಟಬೇಕು ಎಂಬುದೆಲ್ಲ ಅದರಲ್ಲಿತ್ತು. ಶುಲ್ಕ ಇಡಲಿಲ್ಲ. ಯಾರು ಬೇಕಾದರೂ ನೋಡಲಿ ಎಂದು ಅಂತರ್ಜಾಲಕ್ಕೆ ಹಾಕಿದ. ಊರಿನ ಬೇರೆ ವಿದ್ವಾಂಸರಿಗೆ ಹೊಟ್ಟೆ ಉರಿಯಿತು. ಗುರುಮನೆಯ ವಿದ್ಯೆಯನ್ನು ಬೀದಿಗೆ ಸುರಿದ ಎಂದರು. ನಮ್ಮ ವಿದ್ವಾಂಸ ಅದಕ್ಕೆ ಸೊಪ್ಪು ಹಾಕಲಿಲ್ಲ. ಬೀದಿಯಲ್ಲಿರುವವರಿಗೂ ಕಿವಿ ಇದೆ ಎಂದು ಹೇಳಿ ಸುಮ್ಮನಾದ.

ಅವನ ಪಾಠಕ್ಕೆ ಒಂದು ಕ್ರಮವಿತ್ತು. ತಾಳದ ಒಂದು ಸುತ್ತು ತಾನು ನುಡಿಸುತ್ತಿದ್ದ. ಮುಂದಿನ ಸುತ್ತನ್ನು ಖಾಲಿ ಬಿಡುತ್ತಿದ್ದ. ಆಗ ತಂಬೂರಿಯ ಶ್ರುತಿಯೊಂದೇ ಕೇಳುತ್ತಿತ್ತು. ವಿದ್ವಾಂಸ ಕಮಾನನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ನೋಡುತ್ತಿದ್ದ. "ಈ ಸುತ್ತು ನಿಮ್ಮದು. ಇದರಲ್ಲಿ ನಾನು ನುಡಿಸಿದ್ದನ್ನು ನುಡಿಸಬೇಡಿ," ಎಂದು ಮೊದಲ ಪಾಠದಲ್ಲೇ ಹೇಳಿಬಿಟ್ಟಿದ್ದ.

ನೋಡಿದವರು ಏನು ಮಾಡಿದರು ಗೊತ್ತೇ? ಖಾಲಿ ಸುತ್ತು ಬಂದಾಗಲೆಲ್ಲ ಪಾಠವನ್ನು ಮುಂದಕ್ಕೆ ಓಡಿಸಿದರು. ಮಧ್ಯೆ ಮಧ್ಯೆ ಧ್ವನಿ ಹೋಗಿದೆ, ದಯವಿಟ್ಟು ಸರಿಪಡಿಸಿ ಎಂದು ಕೆಳಗೆ ಬರೆದರು. ಒಬ್ಬ ಮಹಾನುಭಾವ ಖಾಲಿ ಜಾಗಗಳನ್ನೆಲ್ಲ ಕತ್ತರಿಸಿ ತೆಗೆದು, ವಿದ್ವಾಂಸ ನುಡಿಸಿದ್ದನ್ನಷ್ಟೇ ಸೇರಿಸಿ ಹಂಚಿದ. ಅದನ್ನೇ ಹೆಚ್ಚು ಜನ ನೋಡಿದರು.

ಅದೇ ಸೀಮೆಯಲ್ಲಿ ಒಬ್ಬ ಓಲಗದವನಿದ್ದ. ನಾಗಸ್ವರ ನುಡಿಸುತ್ತಿದ್ದ. ಮದುವೆ, ಗೃಹಪ್ರವೇಶ, ದೇವರ ಉತ್ಸವ ಅವನ ಬದುಕು. ತಂದೆ ಅವನಿಗೆ ಒಂದಷ್ಟು ಕೀರ್ತನೆ ಕಲಿಸಿದ್ದ, ದೇವರನಾಮ ಕಲಿಸಿದ್ದ, ಗಟ್ಟಿಮೇಳ ಕಲಿಸಿದ್ದ. ರಾಗವನ್ನು ಬೆಳೆಸುವುದನ್ನು ಮಾತ್ರ, ಮುಂದೆ ನೋಡೋಣ, ಮುಂದೆ ನೋಡೋಣ ಎನ್ನುತ್ತಲೇ ಕಣ್ಣು ಮುಚ್ಚಿದ. ತಂದೆ ಸಂಜೆ ಜಗುಲಿಯ ಮೇಲೆ ಕೂತು ಕಾಂಬೋಜಿ ರಾಗವನ್ನು ನುಡಿಸುತ್ತಿದ್ದುದು ಮಗನ ಕಿವಿಯಲ್ಲಿತ್ತು. ಬೆರಳಿಗೆ ಬಂದಿರಲಿಲ್ಲ.

ಓಲಗದವರ ಪಾಡು ನಿನಗೆ ಗೊತ್ತಿಲ್ಲದೆ ಇರಬಹುದು. ಮುಹೂರ್ತ ಮುಗಿದ ಮೇಲೆ ಅವರನ್ನು ಕೇಳುವವರಿಲ್ಲ. ಊಟ ಕೊನೆಯ ಪಂಕ್ತಿಗೆ. ಅಲ್ಲಿಯವರೆಗೆ ಕಲ್ಯಾಣ ಮಂಟಪದ ಮೂಲೆಯಲ್ಲಿ, ಒಂದರ ಮೇಲೊಂದು ಜೋಡಿಸಿದ ಕುರ್ಚಿಗಳ ಹಿಂದೆ ಕೂತಿರಬೇಕು. ಓಲಗದವನು ಅಲ್ಲಿ ಕೂತು ಫೋನಿನಲ್ಲಿ ಈ ವಿದ್ವಾಂಸನ ಪಾಠ ನೋಡತೊಡಗಿದ. ಮೊದಲ ಪಾಠದಲ್ಲಿ ಖಾಲಿ ಸುತ್ತು ಬಂತು. ಅವನು ಮುಂದಕ್ಕೆ ಓಡಿಸಲಿಲ್ಲ. ಮೇಷ್ಟ್ರು ನುಡಿಸು ಎಂದಿದ್ದಾರೆ, ನುಡಿಸಬೇಕು. ಮದುವೆಮನೆಯಲ್ಲಿ ನಾಗಸ್ವರ ಊದಿದರೆ ಊಟ ಮಾಡುವವರು ಏನಾಯಿತೋ ಎಂದು ಎದ್ದು ಬರುತ್ತಾರೆ. ಅದಕ್ಕೆ ಉಸಿರು ಕೊಡದೆ ಬೆರಳು ಮಾತ್ರ ಆಡಿಸಿದ. ಊರಿಗೆ ಹೋದ ಮೇಲೆ ಹಳೆಯ ಕಲ್ಲುಗಣಿಯ ಹತ್ತಿರ ನಿಂತು ಅದನ್ನೇ ಊದಿ ನೋಡಿದ. ಊದುವಾಗ ಅದು ಬೇರೆಯೇ ಆಗಿ ಬಂತು. ಆಗಲಿ ಎಂದುಕೊಂಡ.

ಅವನಿಗೆ ಡೋಲು ಬಾರಿಸುತ್ತಿದ್ದವನು ಅವನ ಭಾವಮೈದ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಕುರ್ಚಿಗಳ ಹಿಂದೆ ಉಸಿರಿಲ್ಲದ ನಾಗಸ್ವರದ ಮೇಲೆ ಬೆರಳು ಓಡುವುದನ್ನು ಅವನು ನೋಡಿದ.

"ಏನ್ ಭಾವ, ಮದ್ವೆ ಗಂಡಿಗೆ ಆಲಾಪ್ನೆ ಕೇಳುಸ್ತೀಯಾ? ಅವ್ನಿಗೆ ತಾಳಿ ಕಟ್ಟೋ ಆತ್ರ, ನೆಂಟ್ರಿಗೆ ಉಣ್ಣೋ ಆತ್ರ. ನಿಂದ್ಯಾವನು ಕೇಳಾನು?"

ಓಲಗದವನ ಬೆರಳು ನಿಲ್ಲಲಿಲ್ಲ. ಮೂರು ವರ್ಷ ಹೀಗೇ ನಡೆಯಿತು. ನಲವತ್ತು ಪಾಠ ಮುಗಿದವು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರುಮಾಡಿದ. ಭಾವಮೈದ ಗೇಲಿ ಬಿಟ್ಟು ಡೋಲು ತಂದು ಕಲ್ಲುಗಣಿಯ ಹತ್ತಿರ ಜೊತೆಗೆ ಕೂತ.

ಆ ಸೀಮೆಯ ಪಟ್ಟಣದಲ್ಲಿ ಒಂದು ಸಂಗೀತ ಸಭೆ ಇತ್ತು. ವರ್ಷಕ್ಕೊಮ್ಮೆ ಹತ್ತು ದಿನ ಉತ್ಸವ. ಸಂಜೆ ಜನ ಬರುವ ಹೊತ್ತಿಗೆ ಬಾಗಿಲಲ್ಲಿ ಓಲಗ ಇರಬೇಕು. ಹನ್ನೆರಡು ವರ್ಷದಿಂದ ಆ ಓಲಗ ಇವನದೇ. ಬಾಗಿಲಲ್ಲಿ ನುಡಿಸುವುದು, ಮುಖ್ಯ ಅತಿಥಿ ಬಂದು ಕಾರ್ಯದರ್ಶಿ ಕೈ ಎತ್ತಿದ ಕೂಡಲೇ ನಿಲ್ಲಿಸುವುದು. ಒಳಗೆ ವೇದಿಕೆಯ ಮೇಲೆ ಬೇರೆಯವರ ಸಂಗೀತ. ಹನ್ನೆರಡು ವರ್ಷವೂ ಅವನು ಅದನ್ನು ಹೊರಗಿನಿಂದಲೇ ಕೇಳಿದ್ದ.

ಹದಿಮೂರನೆಯ ವರ್ಷ ಅವನು ಕಾರ್ಯದರ್ಶಿಯ ಬಳಿ ಹೋದ. ಮಧ್ಯಾಹ್ನ ಹೊಸಬರಿಗೆ ಕೊಡುವ ಅರ್ಧ ಗಂಟೆ ತನಗೂ ಕೊಡಿ ಎಂದ. ಕಾರ್ಯದರ್ಶಿ ಕೆಟ್ಟವನಲ್ಲ. ನಿಯಮದವನು. ಇಲ್ಲ ಎನ್ನಲಿಲ್ಲ, ತುಂಬಲು ಒಂದು ಅರ್ಜಿ ಕೊಟ್ಟ. ಅರ್ಜಿಯಲ್ಲಿ ಗುರುವಿನ ಹೆಸರು ಎಂಬ ಒಂದು ಅಂಕಣವಿತ್ತು. ಓಲಗದವನು ಸ್ವಲ್ಪ ಹೊತ್ತು ಯೋಚಿಸಿ ವಿದ್ವಾಂಸನ ಹೆಸರು ಬರೆದ.

ಕಾರ್ಯದರ್ಶಿ ಹುಬ್ಬೇರಿಸಿದ. ವಿದ್ವಾಂಸನಿಗೆ ಫೋನು ಮಾಡಿ ಕೇಳಿದ. ವಿದ್ವಾಂಸ, "ನನಗೆ ಅಂಥ ಶಿಷ್ಯ ಯಾರೂ ಇಲ್ಲ," ಎಂದ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಆದರೂ ಹೇಳುವಾಗ ದನಿಯಲ್ಲಿ ಸ್ವಲ್ಪ ಗತ್ತಿತ್ತು. ಅರ್ಜಿ ವಾಪಸು ಬಂತು.

ಮೂರನೆಯ ದಿನ ಓಲಗದವನು ಅದನ್ನು ಹಿಡಿದುಕೊಂಡು ವಿದ್ವಾಂಸನ ಮನೆಗೆ ಬಂದ. ಬಾಗಿಲಾಚೆ ನಿಂತ. ಒಳಗೆ ಬಾ ಎಂದ ಮೇಲೂ ಹೊಸ್ತಿಲ ಹತ್ತಿರವೇ ಉಳಿದ.

"ಮೇಷ್ಟ್ರೇ, ನಿಮ್ಮ ಹೆಸ್ರ ಬರ್ದಿದ್ದು ತಪ್ಪಾಯ್ತಾ? ತಪ್ಪಾದ್ರೆ ಅಳಿಸ್ಬುಡ್ತೀನಿ. ಆದ್ರೆ ಅಲ್ಲಿ ಬ್ಯಾರೆ ಯಾರ ಹೆಸ್ರ ಬರೀಲಿ ಅಂತ ನೀವೇ ಹೇಳ್ಬೇಕು. ನಮ್ಮಪ್ಪ ಗಟ್ಟಿಮೇಳದ ಗಂಟ ಕಲ್ಸಿ ಹೊಂಟೋದ. ಅಲ್ಲಿಂದಾಚೆಗೆ ಕಲ್ಸಿದ್ದೆಲ್ಲ ನೀವೇಯ."

"ನಾನು ನಿನ್ನನ್ನು ನೋಡುತ್ತಿರುವುದು ಇವತ್ತೇ ಮೊದಲು," ಎಂದ ವಿದ್ವಾಂಸ.

"ನಾನು ನಿಮ್ಮನ್ನ ಮೂರ್ ವರ್ಸದಿಂದ ನೋಡ್ತಾ ಇವ್ನಿ. ಹದಿನೇಳ್ನೇ ಪಾಠದಾಗೆ ನಿಮ್ಗೆ ಕೆಮ್ಮು ಬಂದಿತ್ತು. ಹದಿನೆಂಟ್ನೇದು ಹಾಕಿದ್ ತಾರೀಕು ನೋಡುದ್ರೆ ತಿಂಗ್ಳು ಕಳ್ದಿತ್ತು. ಮೇಷ್ಟ್ರಿಗೆ ಏನಾಗಿತ್ತೋ ಏನೋ ಅಂತ ನಮ್ಮನೇವ್ರೆಲ್ಲ ಮಾತಾಡ್ಕೊಂಡೋ. ಈಗ ವಾಸಿನಾ?"

ಆ ತಿಂಗಳು ವಿದ್ವಾಂಸ ಆಸ್ಪತ್ರೆಯಲ್ಲಿದ್ದ. ಎದುರು ಕೂತು ಕಲಿಯುತ್ತಿದ್ದ ಇಬ್ಬರೂ ಪಾಠ ಯಾವಾಗಿನಿಂದ ಎಂದು ಕೇಳಿದ್ದರು. ಕೆಮ್ಮಿನ ವಿಚಾರ ಕೇಳಿರಲಿಲ್ಲ.

ವಿದ್ವಾಂಸ ಕೇಳಿದ: "ನಾನು ಖಾಲಿ ಬಿಟ್ಟ ಸುತ್ತಿನಲ್ಲಿ ನೀನು ಏನು ಮಾಡುತ್ತಿದ್ದೆ?"

"ನುಡುಸ್ತಿದ್ದೆ."

"ಏನು ನುಡಿಸುತ್ತಿದ್ದೆ?"

"ದಿನಾ ಒಂದೊಂದ್ ಥರ. ನೆನ್ನೇದು ಇವತ್ತಿಗೆ ನೆಪ್ಪಿರಕಿಲ್ಲ ಮೇಷ್ಟ್ರೇ."

ತಪ್ಪೊಪ್ಪಿಕೊಂಡವನ ಹಾಗೆ ತಲೆ ತಗ್ಗಿಸಿ ಅವನು ಇದನ್ನು ಹೇಳಿದ. ವಿದ್ವಾಂಸ ಎದ್ದು ಕಾರ್ಯದರ್ಶಿಗೆ ಫೋನು ಮಾಡಿದ. "ಇವನಿಗೆ ಅರ್ಧ ಗಂಟೆ ಕೊಡಿ. ನಾನು ಮುಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ. ಶಿಷ್ಯ ಹೌದೋ ಅಲ್ಲವೋ ಎಂಬುದನ್ನು ಆಮೇಲೆ ಅಲ್ಲೇ ಎಲ್ಲರ ಎದುರು ಹೇಳುತ್ತೇನೆ," ಎಂದ.

ಇದು ದೊಡ್ಡತನದ ಮಾತಿನ ಹಾಗೆ ಕೇಳಿಸುತ್ತದೆ. ಅಲ್ಲ. ಹೌದು ಎಂದು ಆಗಲೇ ಹೇಳಿಬಿಡಬಹುದಿತ್ತು. ಹೇಳಲು ಅವನ ಗತ್ತು ಬಿಡಲಿಲ್ಲ. ಆ ಮಾತಿನಿಂದ ಓಲಗದವನ ಕುತ್ತಿಗೆಗೇ ಬಂತು. ವಿದ್ವಾಂಸ ಅಲ್ಲ ಎಂದರೆ, ಇವನು ಸುಳ್ಳು ಗುರುವಿನ ಹೆಸರು ಹೇಳಿಕೊಂಡು ಬಂದವನು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ವೇದಿಕೆ ಹೋಗಲಿ, ಬಾಗಿಲ ಓಲಗವೂ ಹೋಗುತ್ತದೆ. ಓಲಗದವನಿಗೆ ಇದು ಅರ್ಥವಾಯಿತು. ಆಗಲಿ ಮೇಷ್ಟ್ರೇ ಎಂದು ಕೈಮುಗಿದು ಹೋದ.

ಆ ದಿನ ಬಂತು. ಮಧ್ಯಾಹ್ನ ನಾಲ್ಕು ಗಂಟೆ. ಹೊಸಬರ ಹೊತ್ತಿಗೆ ಸಾಮಾನ್ಯವಾಗಿ ಇಪ್ಪತ್ತು ಜನ ಇರುತ್ತಾರೆ. ಅಂದು ಸಭಾಂಗಣ ತುಂಬಿತ್ತು. ಸಂಗೀತ ಕೇಳಲು ಬಂದವರು ಕೆಲವರು. ವಿದ್ವಾಂಸ ಏನು ಹೇಳುತ್ತಾನೆಂದು ನೋಡಲು ಬಂದವರು ಹಲವರು. ಬಾಗಿಲ ಓಲಗದವನು ಒಳಗೆ ಬಂದಿದ್ದಾನಂತೆ ಎಂದು ಕಾಫಿ ಬಿಟ್ಟು ಬಂದವರೂ ಇದ್ದರು. ವಿದ್ವಾಂಸ ಮುಂದಿನ ಸಾಲಿನ ನಡುವೆ ಕೂತ.

ಓಲಗದವನು ಒಗೆದು ಇಸ್ತ್ರಿ ಮಾಡಿದ ಪಂಚೆ ಉಟ್ಟಿದ್ದ. ಪಕ್ಕದಲ್ಲಿ ಭಾವಮೈದ ಡೋಲು ಹಿಡಿದು ಕೂತಿದ್ದ. ಅವನ ಬಾಯಿ ಅಂದು ಕಟ್ಟಿಹೋಗಿತ್ತು. ಓಲಗದವನು ವೇದಿಕೆಗೆ ನಮಸ್ಕಾರ ಮಾಡಿ, ವಿದ್ವಾಂಸನಿಗೆ ನಮಸ್ಕಾರ ಮಾಡಿ, ಕಾಂಬೋಜಿ ಎತ್ತಿಕೊಂಡ.

ಮೊದಲ ಐದು ನಿಮಿಷ ಚೆನ್ನಾಗಿತ್ತು. ವಿದ್ವಾಂಸನ ಪಾಠದಲ್ಲಿದ್ದ ಹಾದಿಯಲ್ಲೇ ಹೆಜ್ಜೆ ಇಟ್ಟು ನಡೆದ. ಪರವಾಗಿಲ್ಲವೇ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿದ್ವಾಂಸನಿಗೆ ಮಾತ್ರ ಸಮಾಧಾನವಿರಲಿಲ್ಲ. ಕೇಳುತ್ತಿದ್ದುದು ತನ್ನದೇ ದನಿ. ಅದನ್ನು ಕೇಳಲು ಅವನು ಅಲ್ಲಿಗೆ ಬರಬೇಕಾಗಿರಲಿಲ್ಲ.

ಆಗ ಬಾಗಿಲ ಬಳಿ ಯಾರೋ ನಾಲ್ಕು ಜನ ಗದ್ದಲ ಮಾಡಿಕೊಂಡು ಒಳಗೆ ನುಗ್ಗಿದರು. ಅವರನ್ನು ತಡೆಯಲು ಕಾರ್ಯದರ್ಶಿ ವೇದಿಕೆಯ ಪಕ್ಕದಿಂದ ಕೈ ಎತ್ತಿದ.

ಓಲಗದವನು ಆ ಕೈಯನ್ನು ನೋಡಿದ. ಬಾಗಿಲಲ್ಲಿದ್ದರೆ ಅದು ನಿಲ್ಲಿಸು ಎಂಬ ಸನ್ನೆ, ಆದರೆ ತುಂಬಿದ ಸಭೆಯ ಎದುರು ಅವನ ಮೈಗೆ ಅದು ಮದುವೆಮನೆಯ ಕೈಯಾಗಿಯೇ ಕಂಡಿತು. ಇಪ್ಪತ್ತು ವರ್ಷ ಮದುವೆಮನೆಯಲ್ಲಿ ಅವನು ಕಣ್ಣಿಟ್ಟು ಕಾದದ್ದು ಒಂದೇ ಒಂದಕ್ಕೆ, ಪುರೋಹಿತರ ಎತ್ತಿದ ಕೈಗೆ. ಆ ಕೈ ಎದ್ದಿತೆಂದರೆ ತಾಳಿ ಕಟ್ಟುವ ಗಳಿಗೆ. ಏನು ನುಡಿಸುತ್ತಿದ್ದರೂ ಅಲ್ಲೇ ಬಿಟ್ಟು ಗಟ್ಟಿಮೇಳ ಹಿಡಿಯಬೇಕು. ಯೋಚಿಸಲು ಹೊತ್ತಿಲ್ಲ. ಯೋಚಿಸುವ ಓಲಗದವನನ್ನು ಯಾರೂ ಮದುವೆಗೆ ಕರೆಯುವುದಿಲ್ಲ.

ಕಾಂಬೋಜಿಯ ನಟ್ಟನಡುವೆ ಗಟ್ಟಿಮೇಳ ಸಿಡಿಯಿತು. ಡೋಲೂ ಅದೇ ಗಳಿಗೆಗೆ ಸಿಡಿಯಿತು. ಭಾವಮೈದನೂ ಆ ಕೈಯನ್ನು ನೋಡಿದ್ದ. ಸಭಾಂಗಣದ ಜನರ ಮೈಗೂ ಆ ಅಭ್ಯಾಸ ಹತ್ತಿತ್ತು. ಮುಂದಿನ ಸಾಲಿನ ಹೆಂಗಸರು ತಮಗರಿವಿಲ್ಲದೆ ಎದ್ದು ನಿಂತರು. ಹಿಂದಿನವರು ಅಕ್ಷತೆ ಹಾಕುವವರ ಹಾಗೆ ಕೈ ಎತ್ತಿದರು. ಎತ್ತಿದ ಮೇಲೆ ಕೈಯಲ್ಲಿ ಅಕ್ಷತೆಯೂ ಇಲ್ಲ, ಎದುರಿಗೆ ಮದುಮಕ್ಕಳೂ ಇಲ್ಲ ಎಂದು ತಿಳಿಯಿತು. ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಡೋಲು ನಿಂತಿತು. ಭಾವಮೈದ ಡೋಲಿನ ಮೇಲೆ ಹಣೆ ಇಟ್ಟ. ಓಲಗದವನು ನಾಗಸ್ವರವನ್ನು ಬಾಯಿಂದ ತೆಗೆದ. ಹೊಟ್ಟೆಕಿಚ್ಚಿನ ವಿದ್ವಾಂಸರಲ್ಲಿ ಒಬ್ಬ ಹಿಂದಿನಿಂದ ಬಗ್ಗಿ, "ನಿಮ್ಮ ಪಾಠದಲ್ಲಿ ಇದೂ ಇತ್ತೇ?" ಎಂದು ನಮ್ಮ ವಿದ್ವಾಂಸನ ಕಿವಿಯಲ್ಲಿ ಕೇಳಿದ. ವಿದ್ವಾಂಸ ತಲೆ ತಗ್ಗಿಸಿದ. ಅಲ್ಲ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು ಕೂತಿತು.

ಆ ನಲವತ್ತರಲ್ಲಿ ಏಳನೆಯ ಪಾಠ ಚಿಕ್ಕದು. ಅದನ್ನು ಯಾರೂ ಹೆಚ್ಚು ನೋಡಿರಲಿಲ್ಲ. ಅದರಲ್ಲಿ ವಿದ್ವಾಂಸ ಹೀಗೆ ಹೇಳಿದ್ದ: "ಬೇಡದ ಸ್ವರ ಬಿದ್ದುಬಿಟ್ಟರೆ ಅದನ್ನು ಬಿಟ್ಟು ಓಡಬೇಡಿ. ಓಡಿದರೆ ಅದು ತಪ್ಪಾಗಿಯೇ ಉಳಿಯುತ್ತದೆ. ಇನ್ನೊಮ್ಮೆ ಅದನ್ನೇ ನುಡಿಸಿ. ಮೂರನೆಯ ಸಲ ನುಡಿಸುವಷ್ಟರಲ್ಲಿ ಅದು ಎಲ್ಲಿಗೆ ಹೋಗಬೇಕೆಂದು ಅದೇ ಹೇಳುತ್ತದೆ." ಹೇಳಿದವನೇ ಈ ಮಾತನ್ನು ಮರೆತಿದ್ದ.

ಓಲಗದವನು ನಾಗಸ್ವರವನ್ನು ಮತ್ತೆ ಬಾಯಿಗಿಟ್ಟ. ಗಟ್ಟಿಮೇಳವನ್ನೇ ಇನ್ನೊಮ್ಮೆ ನುಡಿಸಿದ. ಈ ಸಲ ಅರ್ಧ ವೇಗದಲ್ಲಿ. ತಮಾಷೆ ಮಾಡುತ್ತಿದ್ದಾನೆಂದು ಕೆಲವರು ಮತ್ತೆ ನಕ್ಕರು. ನಗು ಸಾಲಿನ ಕೊನೆ ಮುಟ್ಟಲಿಲ್ಲ. ಮೂರನೆಯ ಸಲ ಅದನ್ನು ಇನ್ನೂ ನಿಧಾನಕ್ಕೆ, ಮೆಲುವಾಗಿ ನುಡಿಸಿದ.

ಗಟ್ಟಿಮೇಳ ಇರುವುದು ಬೇರೆ ಸದ್ದನ್ನು ಮುಚ್ಚಲು. ಆ ಗಳಿಗೆಯಲ್ಲಿ ಯಾರೂ ಸೀನಿದ್ದು ಕೇಳಿಸಬಾರದು, ಯಾರ ಕೆಟ್ಟ ಮಾತೂ ಕೇಳಿಸಬಾರದು. ಅದರ ಅಡಿಯಲ್ಲಿ ಏನಿದೆಯೆಂದು ಕಿವಿಗೊಟ್ಟು ಕೇಳಿದವರಿಲ್ಲ. ಓಲಗದವನು ಇಪ್ಪತ್ತು ವರ್ಷ ಅದನ್ನು ನುಡಿಸುವಾಗ ಎದುರಿಗೆ ನೋಡಿದ್ದು ಧಾರೆಯೆರೆದ ತಂದೆಯರ ಮುಖಗಳನ್ನು. ಹೆಮ್ಮೆ ಮತ್ತು ಅಳು ಎರಡೂ ಒಟ್ಟಿಗೆ ಬಂದು ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯದೆ ನಿಂತ ಮುಖಗಳು. ಅವಸರವನ್ನು ತೆಗೆದುಬಿಟ್ಟಾಗ ಗಟ್ಟಿಮೇಳದಲ್ಲಿ ಉಳಿದದ್ದು ಅದು. ಅಲ್ಲಿಂದ ಒಂದೇ ಹೆಜ್ಜೆ, ಅವನು ಕಾಂಬೋಜಿಯೊಳಗೆ ಕಾಲಿಟ್ಟ.

ಅದು ವಿದ್ವಾಂಸನ ಕಾಂಬೋಜಿ ಆಗಿರಲಿಲ್ಲ. ಜಗುಲಿಯ ಮೇಲೆ ಕೂತು ನುಡಿಸುತ್ತಿದ್ದ ತಂದೆಯದೂ ಆಗಿರಲಿಲ್ಲವೇನೋ. ಎದ್ದು ನಿಂತಿದ್ದ ಹೆಂಗಸರು ಕೂರುವುದನ್ನು ಮರೆತರು. ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಮದುವೆ ಮಾಡಿ ಕಳಿಸಿದ ಮಗಳಿದ್ದಳೋ ಏನೋ. ಭಾವಮೈದ ಹಣೆ ಎತ್ತಿದ. ಆಲಾಪನೆ ಮುಗಿದು ಕೀರ್ತನೆ ಶುರುವಾದಾಗ ಅವನ ಕೈ ಡೋಲಿನ ಮೇಲೆ ತಾನಾಗಿ ಬಂತು.

ವಿದ್ವಾಂಸನ ಎದೆ ಉಬ್ಬಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಸ್ವಂತ ಕಛೇರಿಗಳಲ್ಲಿ ಚಪ್ಪಾಳೆ ಬಿದ್ದಾಗಲೂ, ಶಾಲು ಹೊದಿಸಿದಾಗಲೂ ಅಷ್ಟು ಹೆಮ್ಮೆ ಆಗಿರಲಿಲ್ಲ. ಹಿಂದಿನ ಸಾಲಿನ ವಿದ್ವಾಂಸನ ಕಡೆ ತಿರುಗಿ, "ಏಳನೆಯ ಪಾಠ. ಹೋಗಿ ನೋಡಿ, ಪುಕ್ಕಟೆ," ಎಂದ.

ಕೀರ್ತನೆಯ ಕೊನೆಗೆ ಓಲಗದವನು ಸ್ವರ ಹಾಕತೊಡಗಿದ. ಒಂದು ಸುತ್ತು, ಇನ್ನೊಂದು ಸುತ್ತು, ಪ್ರತಿ ಸುತ್ತೂ ಹಿಂದಿನದಕ್ಕಿಂತ ಬೇರೆ. ಆಮೇಲೆ ತಟ್ಟನೆ ನಾಗಸ್ವರವನ್ನು ತೊಡೆಯ ಮೇಲೆ ಇಟ್ಟುಕೊಂಡ. ಡೋಲು ಮೆಲ್ಲಗೆ ತಾಳ ಹಿಡಿದಿತ್ತು. ಅವನು ಸುಮ್ಮನೆ ಕೂತು ಮುಂದಿನ ಸಾಲಿನ ಕಡೆ ನೋಡಿದ. ಸಭಿಕರು ಮರೆತನೇನೋ ಎಂದುಕೊಂಡರು. ವಿದ್ವಾಂಸನಿಗೆ ಗೊತ್ತಾಯಿತು. ಅದು ಖಾಲಿ ಸುತ್ತು. ಈಗ ಅದು ಅವನ ಪಾಲಿಗೆ ಬಂದಿತ್ತು.

ಕೂತಲ್ಲೇ ಅವನ ಬಾಯಿ ತೆರೆಯಿತು. ಎಪ್ಪತ್ತರ ಆ ಒಡಕು ಗಂಟಲಲ್ಲಿ ಒಂದು ಸುತ್ತು ಸ್ವರ ಹಾಡಿದ. ಅರವತ್ತು ವರ್ಷದ ಸಾಧನೆಯಲ್ಲಿ ಅವನು ಅದನ್ನು ಒಮ್ಮೆಯೂ ಹಾಡಿರಲಿಲ್ಲ. ಓಲಗದವನು ಅದರ ಬಾಲವನ್ನು ಹಿಡಿದು ಎತ್ತಿಕೊಂಡು ಹೋಗಿ ಮುಕ್ತಾಯ ಮಾಡಿದ.

ಚಪ್ಪಾಳೆ ನಿಂತ ಮೇಲೆ ಕಾರ್ಯದರ್ಶಿ ಅರ್ಜಿ ಹಿಡಿದುಕೊಂಡು ಧ್ವನಿವರ್ಧಕದ ಮುಂದೆ ಬಂದ. ಏನು ಕೇಳಬೇಕೋ ತಿಳಿಯದೆ ವಿದ್ವಾಂಸನ ಮುಖ ನೋಡಿದ. ವಿದ್ವಾಂಸ ವೇದಿಕೆ ಹತ್ತಿ ಆ ಅರ್ಜಿಯನ್ನು ಕೈಗೆ ತೆಗೆದುಕೊಂಡ.

"ಇದರಲ್ಲಿ ಬರೆದಿರುವುದು ಸರಿಯಾಗಿದೆ. ಕೆಂಪರಾಜು ನನ್ನ ಶಿಷ್ಯರು. ಮೊನ್ನೆ ನಾನು ಇಲ್ಲ ಎಂದದ್ದು ನನ್ನ ತಪ್ಪು. ಆದರೆ ಇಲ್ಲಿ ಇನ್ನೊಂದು ಹೆಸರು ಬಿಟ್ಟುಹೋಗಿದೆ," ಎಂದು ಹೇಳಿ, ಓಲಗದವನ ಕಡೆ ತಿರುಗಿ, "ನಿಮ್ಮ ತಂದೆಯವರ ಹೆಸರೇನು?" ಎಂದು ಕೇಳಿದ.

ಹನ್ನೆರಡು ವರ್ಷ ಬಾಗಿಲಲ್ಲಿ ನುಡಿಸಿದವನ ಹೆಸರು ಆ ಸಭೆಗೆ ತಿಳಿದದ್ದು ಅಂದು. ಅವನನ್ನು ಅಲ್ಲಿ ಯಾರಾದರೂ ಬಹುವಚನದಲ್ಲಿ ಮಾತಾಡಿಸಿದ್ದೂ ಅಂದೇ ಮೊದಲು.

"ಮರಿಸ್ವಾಮಿ," ಎಂದ ಕೆಂಪರಾಜು. ಧ್ವನಿವರ್ಧಕ ಹತ್ತಿರದಲ್ಲೇ ಇತ್ತು. ಹೆಸರು ಸಭಾಂಗಣದ ಆಚೆ, ರಸ್ತೆಯವರೆಗೂ ಕೇಳಿತು.

"ಗಟ್ಟಿಮೇಳ ಕಲಿಸಿದವರು ಅವರು. ಅವರ ಹೆಸರು ಮೇಲಿರಲಿ. ನನ್ನದು ಅದರ ಕೆಳಗಿರಲಿ," ಎಂದು ವಿದ್ವಾಂಸ ತನ್ನ ಕೈಯಾರೆ ಬರೆದು ಅರ್ಜಿಯನ್ನು ಕಾರ್ಯದರ್ಶಿಗೆ ಕೊಟ್ಟ.

ಅಂದು ಸಂಜೆಯ ಕಛೇರಿಗೂ ಬಾಗಿಲಲ್ಲಿ ಓಲಗ ಇರಬೇಕಿತ್ತು. ಬೇರೆಯವರನ್ನು ಕರೆಸೋಣ ಎಂದು ಕಾರ್ಯದರ್ಶಿ ಸಂಕೋಚದಿಂದ ಹೇಳಿದ. ಬೇಡ, ಒಪ್ಪಿಕೊಂಡ ಕೆಲಸ ಎಂದು ಕೆಂಪರಾಜು ವೇದಿಕೆ ಇಳಿದು, ಚಪ್ಪಲಿ ಮೆಟ್ಟಿ, ಬಾಗಿಲಿಗೆ ಹೋಗಿ ಕೂತ. ವಿದ್ವಾಂಸ ಒಂದು ಕುರ್ಚಿ ತರಿಸಿ ಅಲ್ಲೇ ಪಕ್ಕದಲ್ಲಿ ಹಾಕಿಸಿಕೊಂಡ. ಮುಖ್ಯ ಅತಿಥಿ ಬಂದರು. ಒಳಗೆ ಕಛೇರಿ ಶುರುವಾಗಬೇಕಿತ್ತು. ಕಾರ್ಯದರ್ಶಿ ಕೈ ಎತ್ತಲಿಲ್ಲ. ಎರಡೂ ಕೈಯನ್ನು ಹಿಂದೆ ಕಟ್ಟಿಕೊಂಡು, ಓಲಗ ತಾನಾಗಿ ಮುಗಿಯುವವರೆಗೆ ಕಾದ.

ಗುರುಗಳು ಕತೆ ಮುಗಿಸಿದರು. ಕತೆ ವಾಗೀಶನಿಗೆ ಹಿಡಿಸಿತ್ತು. ಒಂದು ಮಾತು ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿತ್ತು.

"ಗುರುಗಳೇ, ಕೆಂಪರಾಜು ಅವರು ಆ ಕೈಯನ್ನು ನೋಡದೆ ಇದ್ದಿದ್ದರೆ ಚೆನ್ನಾಗಿತ್ತಲ್ಲವೇ? ಒಂದು ತಪ್ಪೂ ಇಲ್ಲದೆ ಕಛೇರಿ ಮುಗಿಯುತ್ತಿತ್ತು."

ಅಪ್ರಮೇಯನವರು ತಮ್ಮ ಪಿಟೀಲನ್ನು ಎತ್ತಿ ವಾಗೀಶನ ಕೈಗೆ ಕೊಟ್ಟರು.

"ಹನ್ನೊಂದು ವರ್ಷವಾಯಿತು ವಾಗೀಶ, ನೀನು ನನ್ನ ಎದುರು ಇನ್ನೂ ಒಂದು ತಪ್ಪನ್ನೂ ನುಡಿಸಿಲ್ಲ."